ಕತ್ತಿಯ ಮೈಮೇಲಿನ ಗೀರು

ದಿನಕ್ಕೆ ಹತ್ತಾರು ಬಾರಿ ಕೈಗೆ ಬಂದರೂ ಒಮ್ಮೆಯೂ ನಮ್ಮ ವಿಚಾರಕ್ಕೆ ಬಾರದ ವಸ್ತುಗಳು ಪ್ರತಿಯೊಂದು ಮನೆಯಲ್ಲಿಯೂ ಕೆಲವು ಉಂಟು. ಅಡಿಗೆಮನೆಯ ಕತ್ತಿ ಅವುಗಳಲ್ಲೊಂದು. ಹಿತ್ತಾಳೆಯ ದೀಪಕ್ಕೆ ಹಬ್ಬದ ಮುನ್ನಾದಿನ ಹುಣಿಸೆಹಣ್ಣಿನ ಉಪಚಾರ ನಡೆಯುತ್ತದೆ. ಕಿಟಕಿಯ ಗಾಜಿಗೂ ವರ್ಷಕ್ಕೊಮ್ಮೆ ಯಾರಾದರೂ ಒದ್ದೆ ಬಟ್ಟೆ ಮುಟ್ಟಿಸುತ್ತಾರೆ. ಕತ್ತಿಗೆ ಸಲ್ಲುವುದು ಆಯುಧಪೂಜೆಯ ದಿನ ಒಂದು ಬೊಟ್ಟು ಕುಂಕುಮ ಮಾತ್ರ. ಅದು ಮೊಂಡಾದರೆ ಬೈಯುತ್ತೇವೆ, ಬೆರಳು ಕೊಯ್ದರೆ ಶಪಿಸುತ್ತೇವೆ, ಮಿಕ್ಕ ದಿನಗಳಲ್ಲಿ ಮರೆತಿರುತ್ತೇವೆ.

ನಾನೂ ಹಾಗೆಯೇ ಮರೆತಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಕತ್ತಿಯ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಕಳೆದ ವರ್ಷ ನನ್ನ ಕೈಯಿಂದ ನಡೆದ ಒಂದು ಅವಿವೇಕವೇ ಅದಕ್ಕೆ ಕಾರಣ. ಆ ಅವಿವೇಕದಿಂದ ನಾನು ಕಲಿತದ್ದು ನಾಲ್ಕು ಮನೆಗೆ ಉಪಯೋಗವಾಗುವಂತಿದೆಯೆಂದು ತೋರಿದ್ದರಿಂದ ಈ ಬರೆಹ.

ಅಮ್ಮನ ಮೆಟ್ಟುಗತ್ತಿ

ನಮ್ಮ ಹಿರಿಯರ ಮನೆ ಇರುವುದು ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಲ್ಲಿ. ಅಡಕೆಯ ತೋಟ, ಬಿಡದ ಮಳೆ, ಒದ್ದೆ ಕಟ್ಟಿಗೆಯ ಹೊಗೆ, ಇವುಗಳ ನಡುವೆ ಬೆಳೆದವನು ನಾನು. ತಂದೆಯವರು ತೀರಿಕೊಂಡ ಮೇಲೆ ಅಮ್ಮನನ್ನು ಶಿವಮೊಗ್ಗೆಯ ನನ್ನ ಮನೆಗೆ ಕರೆತಂದೆ. ಆಕೆ ತನ್ನೊಡನೆ ತಂದ ಸಾಮಾನು ಬಹಳವಿರಲಿಲ್ಲ. ಎರಡು ಟ್ರಂಕು, ಒಂದು ದೇವರ ಪೆಟ್ಟಿಗೆ, ಗೋಣಿಯಲ್ಲಿ ಸುತ್ತಿದ ಒಂದು ಮೆಟ್ಟುಗತ್ತಿ.

ಬಯಲುಸೀಮೆಯವರು ಈಳಿಗೆಮಣೆಯೆಂದು ಕರೆಯುವ ಸಾಧನವೇ ನಮ್ಮ ಕಡೆಯ ಮೆಟ್ಟುಗತ್ತಿ. ಮರದ ಮಣೆಗೆ ಬಾಗಿದ ಅಲಗೊಂದನ್ನು ನೆಟ್ಟಿರುತ್ತಾರೆ. ಮಣೆಯನ್ನು ಕಾಲಿನಿಂದ ಮೆಟ್ಟಿ ಕುಳಿತು, ತರಕಾರಿಯನ್ನು ಎರಡು ಕೈಗಳಿಂದ ಹಿಡಿದು ಅಲಗಿಗೆ ಒತ್ತಬೇಕು. ಇಲ್ಲಿ ಕತ್ತಿ ನಿಂತಿರುತ್ತದೆ, ಕಾಯಿ ಚಲಿಸುತ್ತದೆ. ಅಡಕೆ ಕೊಯ್ಲಿನ ಕಾಲದಲ್ಲಿ ಹೆಂಗಸರು ಸಾಲಾಗಿ ಕುಳಿತು ಹಸಿ ಅಡಕೆ ಸುಲಿಯುತ್ತಿದ್ದುದೂ ಇಂಥ ಕತ್ತಿಗಳ ಮುಂದೆಯೇ. ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೆ ಬಾಳೆದಿಂಡು, ಕಳಲೆ, ಹಲಸಿನ ಗುಜ್ಜೆ, ಸುವರ್ಣಗೆಡ್ಡೆಗಳ ಮುಂದೆ ಪೇಟೆಯ ಚಾಕು ಬಾಗುವುದನ್ನು ಕಂಡವರಾರೂ ಮೆಟ್ಟುಗತ್ತಿಯನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ.

ಅಮ್ಮನ ಕತ್ತಿ ಮದುವೆಯಾಗಿ ಬಂದಂದಿನಿಂದ ಆಕೆಯ ಕೈಯಲ್ಲಿದ್ದದ್ದು. ಅಲಗು ಕಡುಗಪ್ಪು, ಬಾಯಿಯ ಅಂಚು ಮಾತ್ರ ಬಿಳಿಯ ನೂಲಿನಂತೆ ಹೊಳೆಯುತ್ತಿತ್ತು. ನನ್ನ ಹೆಂಡತಿಯ ಸ್ಟೀಲಿನ ಚಾಕುಗಳ ಪಕ್ಕದಲ್ಲಿ ಅದು ಮದುವೆ ಮನೆಗೆ ಬಂದ ಬಡ ನೆಂಟನಂತೆ ಕಾಣುತ್ತಿತ್ತು. ದೀಪಾವಳಿಗೆ ಬಂಧುಗಳು ಬರುವವರಿದ್ದರು. ಅಮ್ಮನ ಕತ್ತಿಯನ್ನೂ ಬೆಳ್ಳಗೆ ಮಾಡಿಟ್ಟರೆ ಆಕೆಗೆ ಸಂತೋಷವಾದೀತೆಂದು ನನ್ನ ತಲೆಗೆ ಹೊಳೆಯಿತು. ಆಕೆ ದೇವಸ್ಥಾನಕ್ಕೆ ಹೋಗಿದ್ದಾಗ ಮೊದಲು ಇಟ್ಟಿಗೆಯ ಪುಡಿಯಿಂದ ಉಜ್ಜಿದೆ. ಸಾಲದೆಂದು ಅತ್ಯಂತ ಒರಟಾದ ಉಪ್ಪುಕಾಗದ ತಂದು ಅಡ್ಡಡ್ಡವಾಗಿ ತಿಕ್ಕಿದೆ. ಅದೂ ಸಾಲದೆಂದು ನೆರೆಯವರಿಂದ ವಿದ್ಯುತ್ತಿನ ಉಜ್ಜುಯಂತ್ರವನ್ನು ಎರವಲು ತಂದು ಕಿಡಿ ಹಾರುವಂತೆ ಒತ್ತಿಹಿಡಿದೆ. ಹತ್ತು ನಿಮಿಷದಲ್ಲಿ ಅಲಗು ಬೆಳ್ಳಗಾಯಿತು. ಜೊತೆಗೆ ಮೈತುಂಬ ಬೆಕ್ಕು ಪರಚಿದಂತೆ ಗೀರುಗಳು, ಬಾಯಿಯ ಬಳಿ ಹೆಬ್ಬೆರಳಗಲದ ಒಂದು ನೀಲಿಯ ಕಲೆ.

ಅಮ್ಮ ಬಂದು ನೋಡಿದಳು.

“ಎಂಥ ಮಾಡಿದ್ಯೋ ಇದಕ್ಕೆ?” ಎಂದಳು. ಬೈಯಲಿಲ್ಲ. ಮರುದಿನ ಬಾಳೆದಿಂಡು ಹೆಚ್ಚಲು ಕುಳಿತಾಗ ದಿಂಡು ಅಲಗಿನ ಮೇಲೆ ಜಾರದೆ ತಡೆಯುತ್ತಿತ್ತು. ನೀಲಿಯ ಕಲೆಯಿದ್ದ ಕಡೆ ಬಾಯಿ ಮಡಿಚಿಕೊಂಡಿತು. ಹೆಚ್ಚಿದ ಹೋಳುಗಳಿಗೆ ಕಬ್ಬಿಣದ ವಾಸನೆ ಹತ್ತಿತ್ತು. ಆಕೆ ಕತ್ತಿಯನ್ನು ತೊಳೆದು, ಒರೆಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಇಡಿಸಿದಳು. ಆ ಬಳಿಕ “ನೀನೇ ಹೆಚ್ಚಿಬಿಡೇ” ಎಂದು ಸೊಸೆಗೆ ಹೇಳತೊಡಗಿದಳು. ಪರಊರಿನ ಮನೆಯಲ್ಲಿ ಆಕೆಗೆ ತನ್ನದೆಂದು ಉಳಿದಿದ್ದ ಕೆಲಸ ಅದೊಂದೇ. ಅದನ್ನೂ ನಾನು ಕಿತ್ತುಕೊಂಡಂತಾಯಿತು.

ಗೀರೆಂದರೆ ಏನು?

ಚಳಿಗಾಲದ ರಜೆಯಲ್ಲಿ ಕತ್ತಿಯನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆ. ನಮ್ಮ ಕಡೆಯ ಆಚಾರರೊಬ್ಬರು ಈಗಲೂ ಕುಲುಮೆ ನಡೆಸುತ್ತಾರೆ. ಮೊದಲು ನೇಗಿಲಿನ ಕುಳ, ಕುಡುಗೋಲು, ಕೊಡಲಿಗಳೆಲ್ಲ ಅವರ ಕೈಯಲ್ಲಿಯೇ ಆಗುತ್ತಿದ್ದುವು. ಈಗ ಬರುವವರಲ್ಲಿ ತೋಟದ ಕತ್ತಿ ಮಾಡಿಸುವವರೇ ಹೆಚ್ಚು. ಲಾರಿಯ ಹಳೆಯ ಪಟ್ಟಾ ಸ್ಪ್ರಿಂಗು ಅವರ ಮುಖ್ಯ ಕಚ್ಚಾವಸ್ತು. ಅದರಲ್ಲಿ ಇಂಗಾಲದ ಅಂಶ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚಾಗಿರುವುದರಿಂದ ಅದು ಒಳ್ಳೆಯ ಹದವನ್ನು ಹಿಡಿಯುತ್ತದೆ.

ಆಚಾರರು ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು.

“ಎಂಥದು ಮಾರಾಯ್ರೆ ಇದು? ಇದು ನಮ್ಮಪ್ಪ ಮಾಡಿದ ಕತ್ತಿ. ಹೀಗೆ ಮಾಡಿದ್ದು ಯಾರು?”

“ನಾನೇ ಆಚಾರ್ರೇ. ಬೆಳ್ಳಗೆ ಮಾಡೋಣ ಅಂತ...”

“ಕತ್ತಿ ಬೆಳ್ಳಗಾಗಿ ಯಾರಿಗೆ ಏನಾಗಬೇಕು ಮೇಷ್ಟ್ರೇ? ಬಾಯಿ ಬೆಳ್ಳಗಿದ್ದರೆ ಸಾಕು.”

ಗೀರುಗಳನ್ನು ಅಳಿಸಿಕೊಡಬೇಕೆಂದು ಕೇಳಿದೆ. ಅವರು ನಕ್ಕು, ಕುಲುಮೆಯ ಮುಂದಿನ ಬೂದಿಯನ್ನು ಅಂಗೈಯಿಂದ ಸಮಮಾಡಿ, ಅದರ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. “ಇದನ್ನು ಅಳಿಸಿ” ಎಂದರು. ನಾನು ಅಕ್ಕಪಕ್ಕದ ಬೂದಿಯನ್ನು ಗೆರೆಯೊಳಕ್ಕೆ ತಳ್ಳಿ ಮುಚ್ಚಿದೆ. “ಬೂದಿಯಾದರೆ ಹಾಗೆ ಮುಚ್ಚಬಹುದು. ಕಬ್ಬಿಣ ಮುಚ್ಚುವುದಿಲ್ಲ. ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲ ಮೈಯನ್ನೆಲ್ಲ ಇಳಿಸಬೇಕು” ಎಂದರು.

ಈ ವಿಷಯದ ಸಾರವೆಲ್ಲ ಆ ಮಾತಿನಲ್ಲಿಯೇ ಇದೆ. ಗೀರು ಲೋಹಕ್ಕೆ ಅಂಟಿದ ಕೊಳೆಯಲ್ಲ, ಅದು ಲೋಹ ಇಲ್ಲದ ಜಾಗ. ಇಲ್ಲದುದನ್ನು ತೊಳೆಯಲಾಗದು. ಗೀರು ಎಷ್ಟು ಆಳವೋ ಅಷ್ಟು ದಪ್ಪದ ಲೋಹವನ್ನು ಇಡೀ ಮೈಯಿಂದ ತೆಗೆದಾಗ ಮಾತ್ರ ಅದು ಮಾಯವಾಗುತ್ತದೆ. ಅಂದರೆ ಕತ್ತಿಯನ್ನು ಹೊಸದರಂತೆ ಮಾಡುವ ಪ್ರತಿಯೊಂದು ಪ್ರಯತ್ನವೂ ಅದನ್ನು ಅಷ್ಟಷ್ಟು ತೆಳುವಾಗಿಸುತ್ತದೆ. ಹೊಳಪಿಗೆ ನಾವು ಕೊಡುವ ಬೆಲೆ ಕತ್ತಿಯ ಆಯುಷ್ಯ. ಆದ್ದರಿಂದ ಯಾವ ಗೀರನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಮೊದಲ ಕೆಲಸ.

ಪರೀಕ್ಷೆ ಸುಲಭ. ಅಲಗಿನ ಮೈಮೇಲೆ, ಬಾಯಿಯಿಂದ ದೂರದಲ್ಲಿ, ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ತಡೆಯದೆ ಹೋದರೆ ಗೀರು ಮೇಲುಮೇಲಿನದು, ಸಣ್ಣ ಉಪ್ಪುಕಾಗದದಿಂದ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಆಳವಾದದ್ದು. ಅದರ ಅಂಚನ್ನು ನುಣುಪು ಮಾಡಿ ಬಿಟ್ಟುಬಿಡುವುದು ಮೇಲು. ಹಾಗೆ ಬಿಟ್ಟ ಗೀರಿನಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಅದರಿಂದ ಅಪಾಯವಿಲ್ಲ.

ಹೋದ ಹದ, ಹೋದ ಕಪ್ಪು

ನೀಲಿಯ ಕಲೆ ಗೀರಿಗಿಂತ ದೊಡ್ಡ ಅನಾಹುತವೆಂದು ಅಂದು ತಿಳಿಯಿತು. ಉಕ್ಕಿನ ಬಣ್ಣ ಅದು ಕಂಡ ಶಾಖವನ್ನು ಹೇಳುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಕತ್ತಿಯ ಬಾಯಿಗೆ ಹಳದಿಯ ಹದ ಸಾಕು. ನೀಲಿಗೆ ಏರಿತೆಂದರೆ ಗಡಸುತನ ಇಳಿಯಿತೆಂದೇ ಅರ್ಥ. ಒಣ ಯಂತ್ರವನ್ನು ಒತ್ತಿ ಹಿಡಿದಾಗ ತೆಳುವಾದ ಬಾಯಿ ಕ್ಷಣಾರ್ಧದಲ್ಲಿ ಆ ಶಾಖವನ್ನು ಮುಟ್ಟುತ್ತದೆ.

ಆಚಾರರು ಅಲಗನ್ನು ಮಣೆಯಿಂದ ಕಳಚಿ, ತಿದಿಯೊತ್ತಿ, ಬಾಯಿಯ ಭಾಗವನ್ನು ಮುತ್ತುಗದ ಹೂವಿನ ಬಣ್ಣ ಬರುವವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಹಾಗೆ ಅದ್ದಿದ ಉಕ್ಕು ಗಾಜಿನಂತೆ ಗಡಸಾಗಿ, ಬಿದ್ದರೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಮತ್ತೆ ಸಣ್ಣ ಕಾವಿನಲ್ಲಿ ಹಳದಿಯ ಬಣ್ಣ ತೋರುವವರೆಗೆ ಕಾಯಿಸಿ ತಣಿಸಿದರು. ನಮ್ಮ ಭಾಷೆಯಲ್ಲಿ ಅಡಿಗೆಗೂ ಮಣ್ಣಿಗೂ ಮಾತಿಗೂ ಉಕ್ಕಿಗೂ ‘ಹದ’ ಎಂಬ ಒಂದೇ ಶಬ್ದವಿರುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥವನ್ನು ಕಣ್ಣಾರೆ ಕಂಡದ್ದು ಅಂದೇ.

ಮತ್ತೆ ಅಮ್ಮನ ಕತ್ತಿಯ ಆ ಕಪ್ಪು? ಅದನ್ನು ನಾನು ಕೊಳೆಯೆಂದು ತಿಳಿದಿದ್ದೆ. ಬಾಳೆಯ ದಿಂಡು, ಬಾಳೆಯ ಹೂವು, ಮಾವಿನ ಮಿಡಿ, ಅಡಕೆ, ಇವುಗಳಲ್ಲೆಲ್ಲ ಒಗರಿನ ಅಂಶವುಂಟು. ಅಡಕೆ ಬೇಯಿಸಿದ ಚೊಗರಿನಲ್ಲಿರುವುದೂ ಅದೇ. ರಸಾಯನಶಾಸ್ತ್ರಜ್ಞರು ಅದನ್ನು ಟ್ಯಾನಿನ್ ಎನ್ನುತ್ತಾರೆ. ಒಗರು ಕಬ್ಬಿಣದೊಡನೆ ಸೇರಿದಾಗ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದ ನಮ್ಮ ಹಿರಿಯರು ಇದೇ ಗುಣವನ್ನು ಬಳಸಿಕೊಂಡಿದ್ದರು. ಕತ್ತಿಯ ಮೈಮೇಲೆ ವರ್ಷಗಟ್ಟಲೆ ಕಟ್ಟಿದ ಈ ತೆಳುವಾದ ಕಪ್ಪುಪದರ, ಕೆಂಪು ತುಕ್ಕು ಬೇಗ ಹಿಡಿಯದಂತೆ ಕಾಯುತ್ತದೆ. ಕೆಂಪು ತುಕ್ಕು ಹಾಗಲ್ಲ. ಅದು ಸಡಿಲವಾಗಿ ಹಕ್ಕಳೆ ಎದ್ದು, ನೀರನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತದೆ. ನಾನು ಕತ್ತಿಯ ಶತ್ರುವನ್ನು ಓಡಿಸಲು ಹೋಗಿ ಕಾವಲುಗಾರನನ್ನು ಕೊಂದಿದ್ದೆ.

ಸಾಣೆಯ ಹಿಂದಿನ ಕಥೆ

“ಹದ ಹಾಕಿದ್ದೇನೆ. ಉಜ್ಜುವುದು ಅರ್ಧ ದಿನದ ಕೆಲಸ, ಅದರ ಕೂಲಿ ನಿಮಗೆ ದಂಡ. ನೀವೇ ಕೂತು ಉಜ್ಜಿ” ಎಂದರು ಆಚಾರರು. ಉಜ್ಜುವುದು ಸರಿ, ಯಾವುದರಿಂದ?

ಒಂದು ವಸ್ತುವನ್ನು ಗೀರಲು ಅದಕ್ಕಿಂತ ಗಡಸಾದ ವಸ್ತು ಬೇಕು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಎಣಿಸುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9, ನಮ್ಮ ಬೆಣಚುಕಲ್ಲಿಗೆ 7. ಕತ್ತಿಯ ಉಕ್ಕು ಸಾಮಾನ್ಯವಾಗಿ ಬೆಣಚುಕಲ್ಲಿಗಿಂತ ತುಸು ಕೆಳಗೆ ನಿಲ್ಲುತ್ತದೆ. ಮರಳಿನಲ್ಲಿ ಬಹುಪಾಲು ಬೆಣಚಿನ ಕಣ, ಇಟ್ಟಿಗೆಯ ಪುಡಿಯಲ್ಲಿಯೂ ಅದೇ. ಭತ್ತದ ಹೊಟ್ಟಿನ ಬೂದಿಯಲ್ಲಿಯೂ ಸಿಲಿಕ ಹೇರಳವಾಗಿದೆ. ಇವುಗಳಿಂದ ಕತ್ತಿ ಉಜ್ಜಿದರೆ ಗೀರು ಬೀಳುವುದರಲ್ಲಿ ಆಶ್ಚರ್ಯವೇನು?

ಸಾಣೆಯೆಂಬ ಮಾತು ಸಂಸ್ಕೃತದ ‘ಶಾಣ’ದಿಂದ ಬಂದದ್ದು. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರಮಾಡಿ ಸಾಣೆ ಹಿಡಿಯುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು. ಹಳೆಯ ಮೈಸೂರು ಸೀಮೆಯ ಹಲವು ಕಡೆ ಈ ಕಲ್ಲು ದೊರೆಯುತ್ತದೆ. ಇಂಗ್ಲಿಷರು ‘ಕೊರಂಡಂ’ ಎಂಬ ಹೆಸರನ್ನು ತಮಿಳಿನ ‘ಕುರುಂದ’ದಿಂದ ಪಡೆದರು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತ ಕುಲುಮೆಯಲ್ಲಿ ಇನ್ನೂ ಗಡಸಾದ ಕೃತಕ ವಸ್ತುವೊಂದನ್ನು ಪಡೆದು ‘ಕಾರ್ಬೊರಂಡಂ’ ಎಂದು ಕರೆದನು. ಇಂದು ಅಂಗಡಿಯಲ್ಲಿ ದೊರೆಯುವ ಕಪ್ಪು ಬಣ್ಣದ ನೀರಿನ ಉಪ್ಪುಕಾಗದದ ಮೇಲಿರುವ ಕಣ ಸಾಮಾನ್ಯವಾಗಿ ಅದೇ. ಆ ಕಾಗದದ ಹೆಸರಿನಲ್ಲಿಯೂ ನಮ್ಮ ನೆಲದ ಮಾತೊಂದು ಅಡಗಿ ಕುಳಿತಿದೆ.

ಕೆಲಸದ ಕ್ರಮ

ಊರಿನ ಮನೆಯ ಜಗಲಿಯಲ್ಲಿ ಕುಳಿತು ಎರಡು ಸಂಜೆ ನಾನು ಮಾಡಿದ ಕೆಲಸವನ್ನು, ಮಾಡಿದ ತಪ್ಪುಗಳನ್ನು ಬಿಟ್ಟು, ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಮಕ್ಕಳಿಗೆ ಇದನ್ನು ವಹಿಸಕೂಡದು.

ಮೊದಲನೆಯದಾಗಿ, ಲೋಹ ಯಾವುದೆಂದು ತಿಳಿಯಿರಿ. ಅಲಗಿನ ಮೂಲೆಯಲ್ಲಿ ಒಂದು ಹನಿ ನಿಂಬೆಯ ರಸವಿಟ್ಟು ಹತ್ತು ನಿಮಿಷ ಬಿಡಿ. ಬೂದುಬಣ್ಣದ ಕಲೆಯಾದರೆ ಅದು ಸಾದಾ ಉಕ್ಕು, ಆಗದಿದ್ದರೆ ಸ್ಟೇನ್‌ಲೆಸ್. ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿ. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕಿಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುತ್ತದೆ. ಬಣ್ಣದ ಲೇಪವಿರುವ, ಅಲೆಯಂಥ ಚಿತ್ತಾರವಿರುವ ಚಾಕುಗಳನ್ನು ಉಜ್ಜುವ ಗೋಜಿಗೇ ಹೋಗಬಾರದು. ಲೇಪವೂ ಚಿತ್ತಾರವೂ ಹೋಗಿಬಿಡುತ್ತವೆ.

ಎರಡನೆಯದು, ತುಕ್ಕನ್ನು ಬೇರೆಯಾಗಿ ತೆಗೆಯುವುದು. ನೆನೆಸಿದ ಹುಣಿಸೆಹಣ್ಣಿನಿಂದ ಕೆಲವು ನಿಮಿಷ ಉಜ್ಜಿ ಕೂಡಲೆ ತೊಳೆದು ಒರೆಸಿ. ಅದರಲ್ಲಿಯ ಹುಳಿ ತುಕ್ಕನ್ನು ಕರಗಿಸುತ್ತದೆ. ರಾತ್ರಿಯೆಲ್ಲ ನೆನೆಹಾಕಿದರೆ ಒಳ್ಳೆಯ ಲೋಹವನ್ನೂ ತಿಂದು ಗುಳಿ ಮಾಡುತ್ತದೆ.

ಮೂರನೆಯದು, ಅಲಗನ್ನು ಭದ್ರಪಡಿಸುವುದು. ಮೆಟ್ಟುಗತ್ತಿಯಾದರೆ ಅಲಗನ್ನು ಮಣೆಯಿಂದ ಕಳಚಿಸಿಕೊಳ್ಳಬೇಕು. ಚಪ್ಪಟೆಯಾದ ಹಲಗೆಯ ಮೇಲೆ ಅಲಗನ್ನು ಮಲಗಿಸಿ, ಬಾಯಿ ಹಲಗೆಯ ಅಂಚಿನಿಂದ ಹೊರಗೆ ಚಾಚದಂತೆ ಇಡಿ. ಬಾಯಿಗೆ ದಪ್ಪ ಕಾಗದದ ಪಟ್ಟಿ ಅಂಟಿಸಿದರೆ ಬೆರಳಿಗೂ ಬಾಯಿಗೂ ಕ್ಷೇಮ.

ನಾಲ್ಕನೆಯದು, ಉಜ್ಜುವುದು. ಉಪ್ಪುಕಾಗದವನ್ನು ಬರಿಯ ಬೆರಳಿನಿಂದ ಒತ್ತಿದರೆ ಮೈ ತಗ್ಗುದಿಣ್ಣೆಯಾಗುತ್ತದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ತುಂಡಿಗೆ ಅದನ್ನು ಸುತ್ತಿ ಹಿಡಿಯಿರಿ. ಕಾಗದದ ಬೆನ್ನಿನ ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ‘ಪಿ 400’ರ ಕಣ ಸುಮಾರು 35 ಮೈಕ್ರಾನ್, ‘ಪಿ 1000’ದ್ದು 18, ‘ಪಿ 2000’ದ್ದು 10. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನೀವು ಮಾಡುತ್ತಿರುವುದು ದೊಡ್ಡ ಗೀರುಗಳ ಬದಲು ಸಣ್ಣ ಗೀರುಗಳನ್ನು, ಅವುಗಳ ಬದಲು ಇನ್ನೂ ಸಣ್ಣವನ್ನು ಮೂಡಿಸುವ ಕೆಲಸವೇ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಗೀರುಗಳ ಸಮೂಹವನ್ನು ನಾವು ಹೊಳಪೆನ್ನುತ್ತೇವೆ.

ಸಾಮಾನ್ಯ ಗೀರುಗಳಿಗೆ 400ರಿಂದ ಪ್ರಾರಂಭಿಸಿ 600, 1000 ಎಂದು ಏರಿದರೆ ಸಾಕು. ಕಾಗದಕ್ಕೂ ಅಲಗಿಗೂ ಎರಡು ಹನಿ ಸೋಪು ಬೆರೆಸಿದ ನೀರು ಹಾಕುತ್ತಿರಿ. ಶಾಖ ಏರುವುದಿಲ್ಲ, ಉದುರಿದ ಪುಡಿ ಕಾಗದಕ್ಕೆ ಕಟ್ಟಿಕೊಳ್ಳುವುದಿಲ್ಲ.

ಇಲ್ಲೊಂದು ಗುಟ್ಟಿದೆ. ಪ್ರತಿ ಸಲ ಕಾಗದ ಬದಲಾಯಿಸಿದಾಗ ಉಜ್ಜುವ ದಿಕ್ಕನ್ನೂ ಬದಲಾಯಿಸಬೇಕು. ಮೊದಲ ಕಾಗದದ ಗೆರೆಗಳು ಎಡಕ್ಕೆ ಓರೆಯಾಗಿದ್ದರೆ ಎರಡನೆಯದು ಬಲಕ್ಕೆ ಓರೆಯಾಗಲಿ. ಹಿಂದಿನ ದಿಕ್ಕಿನ ಗೆರೆ ಒಂದೂ ಕಾಣದಾದ ಮೇಲೆಯೇ ಮುಂದಿನ ಕಾಗದವನ್ನು ಮುಟ್ಟಬೇಕು. ಅವಸರಪಟ್ಟು ದಾಟಿದಿರೋ, ಕೊನೆಯ ಹೊಳಪಿನ ನಡುವೆ ಆ ಹಳೆಯ ಗೆರೆ ಎದ್ದು ನಿಂತು ನಿಮ್ಮನ್ನು ಅಣಕಿಸುತ್ತದೆ. ನಾನು ಎರಡು ಸಲ ಹೀಗೆ ಹಿಂದಿರುಗಬೇಕಾಯಿತು. ಕಾಗದ ಬದಲಾಯಿಸುವಾಗ ಅಲಗು, ಹಲಗೆ, ಕೈ ಮೂರನ್ನೂ ತೊಳೆಯಿರಿ. ಒರಟು ಕಣ ಒಂದೇ ಒಂದು ಉಳಿದರೂ ಅದು ಹೊಸ ಗೀರನ್ನು ಎಳೆಯುತ್ತದೆ.

ಕೊನೆಯ ಕಾಗದವನ್ನು ಮಾತ್ರ ಅಲಗಿನ ಉದ್ದಕ್ಕೆ, ಬುಡದಿಂದ ತುದಿಯ ಕಡೆಗೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹಿಂದೆಮುಂದೆ ಉಜ್ಜಬಾರದು. ಆಗ ಮೈ ರೇಷ್ಮೆಯ ನೇಯ್ಗೆಯಂತೆ ಒಂದೇ ಎಳೆಯಾಗಿ ಕಾಣುತ್ತದೆ. ಕನ್ನಡಿಯಂಥ ಹೊಳಪು ಬೇಕೆನ್ನುವವರು 2000ವನ್ನೂ ದಾಟಿ, ಚರ್ಮದ ತುಂಡಿಗೆ ಹೊಳಪಿನ ಮುಲಾಮು ಸವರಿ ಉಜ್ಜುತ್ತಾರೆ. ಜಪಾನಿನ ಖಡ್ಗ ಸಾಣೆಗಾರರು ಒಂದಾದ ಮೇಲೊಂದು ಕಲ್ಲನ್ನು ಬಳಸಿ ಒಂದೊಂದು ಖಡ್ಗಕ್ಕೂ ದಿನಗಟ್ಟಲೆ ಶ್ರಮಿಸುತ್ತಾರೆ. ಅಡಿಗೆಮನೆಗೆ ಆ ಶ್ರಮ ವ್ಯರ್ಥ. ಕನ್ನಡಿಯ ಮೇಲೆ ಮರುದಿನದ ಒಂದು ಸಣ್ಣ ಗೀರೂ ಎದ್ದು ಕಾಣುತ್ತದೆ. ರೇಷ್ಮೆಯ ಮೈ ಹತ್ತು ಗೀರುಗಳನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ.

ಐದನೆಯದು, ಬಾಯಿ ಮಸೆಯುವುದು. ಇದನ್ನು ಎಲ್ಲಕ್ಕೂ ಕೊನೆಗೆ ಮಾಡಬೇಕು. ಮೊದಲೇ ಹರಿತ ಮಾಡಿದರೆ ಮೈ ಉಜ್ಜುವಾಗ ಬಾಯಿ ಕೆಡುತ್ತದೆ, ಇಲ್ಲವೆ ಕೈ ಕೊಯ್ಯುತ್ತದೆ. ಮಸೆಗಲ್ಲನ್ನು ನೀರಿನಲ್ಲಿ ತೋಯಿಸಿ, ಅಲಗು ಕಲ್ಲಿನೊಡನೆ 15ರಿಂದ 20 ಡಿಗ್ರಿಯ ಕೋನದಲ್ಲಿರುವಂತೆ ಹಿಡಿದು ಎರಡು ಮಗ್ಗುಲನ್ನೂ ಸಮನಾಗಿ ಎಳೆಯಿರಿ. ಮೆಟ್ಟುಗತ್ತಿಯ ಬಾಯಿ ಬಾಗಿರುವುದರಿಂದ ಕತ್ತಿಯನ್ನು ಕಲ್ಲಿನ ಮೇಲೆ ಎಳೆಯದೆ, ಸಣ್ಣ ಕಲ್ಲನ್ನು ಬಾಗಿನುದ್ದಕ್ಕೂ ಎಳೆಯುವುದು ಸುಲಭ.

ಕೊನೆಯದಾಗಿ, ಸಾದಾ ಉಕ್ಕಿನ ಅಲಗಿಗೆ ಕಪ್ಪನ್ನು ಹಿಂದಕ್ಕೆ ತರಿಸುವುದು. ಆಚಾರರು ಹೇಳಿದಂತೆ ಬಾಳೆಯ ಹೂವಿನ ಒಂದು ಎಸಳನ್ನು ಜಜ್ಜಿ ಅದರ ಸೊನೆಯನ್ನು ಮೈಗೆಲ್ಲ ಸವರಿ, ಕಪ್ಪು ಮೂಡಿದ ಮೇಲೆ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆಯ ಕೈ ಆಡಿಸಿದೆ. ಮೂರು ನಾಲ್ಕು ಸಲ ಹೀಗೆ ಮಾಡುವಷ್ಟರಲ್ಲಿ ಅಲಗು ಮಳೆಮೋಡದ ಬಣ್ಣಕ್ಕೆ ತಿರುಗಿತು.

ಸ್ಟೀಲಿನ ಚಾಕುವಿನ ಮಾತು

ಪೇಟೆಯ ಮನೆಗಳಲ್ಲಿ ಈಗ ಹೆಚ್ಚಾಗಿರುವುದು ಸ್ಟೇನ್‌ಲೆಸ್ ಚಾಕುಗಳೇ. ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕದ ನಳಿಗೆ ಸವೆಯದಂತೆ ಮಾಡುವ ಪ್ರಯತ್ನದಲ್ಲಿದ್ದಾಗ, 1913ರಲ್ಲಿ, ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕು ಹಿಡಿಯದಿರುವುದನ್ನು ಕಂಡನು. ಷೆಫೀಲ್ಡ್ ಚಾಕುಗಳ ಊರಾದ್ದರಿಂದ ಆ ಉಕ್ಕು ಬಲುಬೇಗ ಊಟದ ಮೇಜಿಗೆ ಬಂದಿತು. ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಲೋಹದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪದರ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಉಜ್ಜಿದಾಗ ಅದು ಹರಿದರೂ ಗಾಳಿ ಸೋಕಿದೊಡನೆ ಮತ್ತೆ ಮೂಡುತ್ತದೆ. ಅಮ್ಮನ ಕತ್ತಿಗೆ ಬಾಳೆಯ ಸೊನೆ ವರ್ಷಗಟ್ಟಲೆ ಮಾಡಿದ ಕೆಲಸವನ್ನು ಇಲ್ಲಿ ಕ್ರೋಮಿಯಂ ಕ್ಷಣದಲ್ಲಿ ಮಾಡುತ್ತದೆ.

ಮೇಲೆ ಹೇಳಿದ ಉಪ್ಪುಕಾಗದದ ಕ್ರಮವೇ ಇದಕ್ಕೂ ಸಲ್ಲುತ್ತದೆ. ಕಪ್ಪು ಬರಿಸುವ ಕೆಲಸ ಮಾತ್ರ ಬೇಡ. ಕಬ್ಬಿಣದ ನಾರಿನಿಂದ ಇದನ್ನು ತಿಕ್ಕಬಾರದು. ಗೀರು ಬೀಳುವುದಲ್ಲದೆ ನಾರಿನ ಚೂರುಗಳು ಸಿಕ್ಕಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ. ಉಪ್ಪುನೀರಿನಲ್ಲಿ ನೆನೆಯಬಿಟ್ಟರೆ, ಬಿಳುಪುಕಾರಕ ದ್ರಾವಣ ತಗುಲಿದರೆ, ತುಕ್ಕು ಹಿಡಿಯದೆಂಬ ಈ ಉಕ್ಕಿನಲ್ಲಿಯೂ ಸೂಜಿಮೊನೆಯ ಗುಳಿಗಳು ಬೀಳುತ್ತವೆ. ಹದ ಕೆಟ್ಟ ಸ್ಟೇನ್‌ಲೆಸ್ ಚಾಕುವನ್ನು ಊರಿನ ಕುಲುಮೆಗೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಅದರ ಹದಕ್ಕೆ ಸಾದಾ ಉಕ್ಕಿಗಿಂತ ಹೆಚ್ಚಿನ, ಅಳತೆ ತಪ್ಪದ ಶಾಖ ಬೇಕು.

ಗೀರು ಬಾರದಂತೆ

ಗೃಹಿಣಿಯರು ಈ ಲೇಖನದಲ್ಲಿ ಉಳಿದುದನ್ನು ಮರೆತರೂ ಇದೊಂದನ್ನು ನೆನಪಿಡಬಹುದು. ಬಹುಪಾಲು ಗೀರುಗಳು ಬೀಳುವುದು ಹೆಚ್ಚುವಾಗ ಅಲ್ಲ, ತೊಳೆಯುವಾಗ ಮತ್ತು ಇಡುವಾಗ. ಪಾತ್ರೆಗಳ ರಾಶಿಯಲ್ಲಿ ಕತ್ತಿಯನ್ನು ಹಾಕಬೇಡಿ. ಚಮಚ, ಸೌಟುಗಳ ನಡುವೆ ಡ್ರಾಯರಿನಲ್ಲಿ ಎಸೆಯಬೇಡಿ. ಪಾತ್ರೆ ತಿಕ್ಕುವ ಹಸಿರು ಒರಟು ಬಟ್ಟೆಯಲ್ಲಿ ಸಾಮಾನ್ಯವಾಗಿ ಸಾಣೆಯ ಕಣಗಳೇ ಇರುತ್ತವೆ. ಅದನ್ನು ಬಾಣಲೆಗೆ ಮೀಸಲಿಡಿ. ಕತ್ತಿಗೆ ತೆಂಗಿನ ನಾರೋ ಮೆತ್ತನೆಯ ಬಟ್ಟೆಯೋ ಸಾಕು. ಹೆಚ್ಚಿದೊಡನೆ ತೊಳೆದು ಒರೆಸಿ ಒಣಗಿದ ಕಡೆ ಇಡುವುದು ಅಭ್ಯಾಸವಾದರೆ ಉಪ್ಪುಕಾಗದವನ್ನು ಕೊಳ್ಳುವ ಪ್ರಸಂಗವೇ ಬಾರದು. ಮಳೆಗಾಲದಲ್ಲಿ, ಅದರಲ್ಲಿಯೂ ನಮ್ಮ ಮಲೆನಾಡಿನಲ್ಲಿ, ಎಣ್ಣೆಯ ಕೈ ತಪ್ಪಿಸಬಾರದು.

ಉಳಿದ ಒಂದು ಗೀರು

ಶಿವಮೊಗ್ಗೆಗೆ ಹಿಂದಿರುಗಿ ಕತ್ತಿಯನ್ನು ಅಮ್ಮನ ಮುಂದಿಟ್ಟೆ. ಆಕೆ ಕನ್ನಡಕ ಹಾಕಿಕೊಂಡು, ಅಲಗಿನ ಮೈಮೇಲೆ ಉಗುರನ್ನು ಎಳೆಯುತ್ತ ಬಂದಳು. ಬುಡದ ಹತ್ತಿರ ಉಗುರು ನಿಂತಿತು. ಅಲ್ಲಿ ಒಂದು ಆಳವಾದ ಗೀರನ್ನು ತೆಗೆಯಲು ನಾನು ಒಂದು ಸಂಜೆಯನ್ನೆಲ್ಲ ಕಳೆದು ಸೋತಿದ್ದೆ. ಅದನ್ನು ತೆಗೆಯಹೋದರೆ ಅಲಗಿನ ಅರ್ಧ ದಪ್ಪ ಹೋದೀತು, ಬಿಡಿ ಎಂದು ಆಚಾರರೇ ಹೇಳಿದ್ದರು.

“ಅದೊಂದು ಹೋಗಲಿಲ್ಲ ಅಮ್ಮ. ಯಂತ್ರ ಹಿಡಿದಾಗ ಬಿದ್ದದ್ದಿರಬೇಕು” ಎಂದೆ.

“ಯಂತ್ರದ್ದಲ್ಲ ಅದು. ನಿಂಗೆ ಐದು ವರ್ಷ ಇರಬೇಕು ಆಗ. ಬೆಣಚುಕಲ್ಲು ತಂದು ಇದರ ಮೇಲೆ ಗೀಚುತ್ತಾ ಕೂತಿದ್ದೆ. ನಿಮ್ಮಪ್ಪ ಹೊಡೆಯೋಕೆ ಬಂದರು, ನಾನೇ ಬಿಡಿಸಿಕೊಂಡೆ” ಎಂದಳು.

ನನಗೆ ಅದರ ನೆನಪು ಸ್ವಲ್ಪವೂ ಇರಲಿಲ್ಲ. ಆಕೆ ಮತ್ತೊಮ್ಮೆ ಆ ಗೀರಿನ ಮೇಲೆ ಬೆರಳಾಡಿಸಿ, ಮಣೆಯನ್ನು ಮುಂದಕ್ಕೆಳೆದು ಮೆಟ್ಟಿ ಕುಳಿತಳು.

“ದಿಂಡು ಇದ್ದರೆ ತಾರೇ” ಎಂದು ಸೊಸೆಯನ್ನು ಕರೆದಳು.